ಹತ್ತು ಮಂದಿ ಕೂಡಿದಾಗ

(ದೇವಣಗಾಂವದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು. ಹೇಳಿದ್ದನ್ನು ಆದಷ್ಟು ಹಾಗೇ ಬರೆದುಕೊಂಡಿದ್ದೇವೆ.)

 

ನಮ್ಮನ್ನು ಕರೆದವರು 'ಸಂಘಟನೆಯ ಮಹತ್ವ' ಎಂದು ವಿಷಯ ಕೊಟ್ಟಿದ್ದರು. ಅದರ ಮೇಲೆ ಭಾಷಣ ಮಾಡುವುದು ಸುಲಭ. ಒಂದು ಕಡ್ಡಿ ಮುರೀತದ, ಕಡ್ಡಿ ಕಟ್ಟು ಮುರಿಯೂದಿಲ್ಲ ಅಂತ ಹೇಳಿ, ನಾಲ್ಕು ಘೋಷಣೆ ಕೂಗಿ, ಚಹಾ ಕುಡಿದು ಹೋಗಬಹುದು. ಆದರೆ ಬಸ್ಸಿನಲ್ಲಿ ಬರುವಾಗ ನಾವು ಮೂವರೂ ಮಾತಾಡಿಕೊಂಡೆವು. ಕಡ್ಡಿ ಕಟ್ಟು ಮುರಿಯುವುದಿಲ್ಲ, ನಿಜ. ಅದೇ ಕಟ್ಟಿನಿಂದ ಯಾರ ಬೆನ್ನಿಗಾದರೂ ಬಾರಿಸಬಹುದಲ್ಲ? ಬಾರಿಸಿದ್ದೇವೆ ಕೂಡ.

ಆದ್ದರಿಂದ ಇವತ್ತು ಸಂಘಟನೆಯ ಹೊಗಳಿಕೆ ಬೇಡ. ಹತ್ತು ಮಂದಿ ಕೂಡಿದಾಗ ಒಬ್ಬ ಮನುಷ್ಯ ಏನಾಗುತ್ತಾನೆ ಎಂಬುದನ್ನು ಮಾತಾಡೋಣ. ಇದನ್ನು ನಾವು ಮೊದಲು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಕೈಯಿಂದಲೇ ಆದ ಒಂದು ತಪ್ಪಿನಿಂದ ಕಲಿತೆವು. ಅದನ್ನು ಮೊದಲು ಹೇಳಿಬಿಡುತ್ತೇವೆ. ಇಲ್ಲದಿದ್ದರೆ ಮುಂದಿನ ಮಾತಾಡಲು ನಮಗೆ ಬಾಯಿಲ್ಲ.

ನಾವು ಡಿಗ್ರಿ ಓದುವಾಗಿನ ಮಾತು. ಯಾವ ಊರಿನ ಹಾಸ್ಟೆಲು ಎಂದು ಹೇಳುವುದಿಲ್ಲ. ಎಲ್ಲಾ ಹಾಸ್ಟೆಲಿಗೂ ಅದೇ ಸೋರುವ ಮಾಳಿಗೆ, ಅದೇ ನೀರಿನಂಥ ಸಾರು. ನಾವು ನಲವತ್ತಮೂರು ಹುಡುಗರು. ಹೆಚ್ಚಿನವರು ಛಲವಾದಿ ಕೇರಿಯವರು, ಏಳೆಂಟು ಮಂದಿ ಮಾದರ ಕೇರಿಯವರು, ಇಬ್ಬರು ತಾಂಡಾದವರು. ಹಿಟ್ಟಿನಲ್ಲಿ ಹುಳ ಬರುತ್ತಿದ್ದವು. ಸಾಹೇಬರು ತಪಾಸಣೆಗೆ ಬರುವ ದಿನ ಆ ಹಿಟ್ಟಿನ ಚೀಲ ಹೊತ್ತು ತಂದು ಅವರ ಮುಂದೆಯೇ ಸುರಿಯಬೇಕೆಂದು ಗುಟ್ಟಾಗಿ ನಿಶ್ಚಯ ಮಾಡಿದೆವು. ಸಾಹೇಬರು ಬಂದರು. ಅಡುಗೆಮನೆಗೆ ನುಗ್ಗಿದರೆ ಅಲ್ಲಿ ಹೊಸ ಚೀಲ, ಬೆಳ್ಳಗಿನ ಹಿಟ್ಟು. ಸಾಹೇಬರ ಮುಂದೆ ನಮ್ಮ ಮುಖ ಇಷ್ಟಾಯಿತು.

ಅಂದು ರಾತ್ರಿ ಮಾಳಿಗೆ ಮೇಲೆ ಸೇರಿದೆವು. ಕರೆಂಟ್ ಇರಲಿಲ್ಲ. ಯಾರೋ ಒಬ್ಬರು ಮೊದಲೇ ಸುದ್ದಿ ಮುಟ್ಟಿಸಿದ್ದಾರೆ, ಯಾರು? ಕತ್ತಲೊಳಗಿಂದ ಒಂದು ದನಿ ಒಂದು ಹೆಸರು ಹೇಳಿತು. ಎರಡನೇ ವರ್ಷದ ಹುಡುಗ. ಮಾತು ಕಡಿಮೆ. "ಅಂವ ಅಡಗಿಮನ್ಯಾಗ ಭಾಳ ಕೂಡ್ತಾನ." "ಹೌದೌದು, ನಾನೂ ನೋಡೀನಿ." "ನಿನ್ನೆ ಸುದ್ದಾ ಕುಂತಿದ್ದ." ಹತ್ತು ನಿಮಿಷದೊಳಗೆ ಅಡುಗೆಮನೆಯಲ್ಲಿ ಕೂತದ್ದು ಸಾಕ್ಷಿಯಾಯಿತು, ಸಾಕ್ಷಿ ತೀರ್ಪಾಯಿತು. ಆ ಹುಡುಗ ಕೆಳಗೆ ಕೋಣೆಯಲ್ಲಿ ಮಲಗಿದ್ದ. ಕರೆದು ಕೇಳೋಣ ಎಂದು ನಲವತ್ತೆರಡು ಮಂದಿಯಲ್ಲಿ ಒಬ್ಬರೂ ಅನ್ನಲಿಲ್ಲ. ಅವನು ಮಾದರ ಕೇರಿಯವನು ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ನಮ್ಮಲ್ಲಿ ಹಿರಿಯನಾಗಿದ್ದವನು ಎದ್ದು ನಿಂತು ಅಂದ: "ನಾಳಿಂದ ಅವನ ಜೋಡಿ ಯಾರೂ ಮಾತಾಡಬಾರದು. ಯಾರು ಮಾತಾಡ್ತಾರೋ ಅವರೂ ಅವನ ಕಡಿಯವರು. ಎಲ್ಲಾರಿಗೂ ಒಪ್ಪಿಗಿ ಅದ ಇಲ್ಲೋ?" ಯಾರೂ ಏನೂ ಅನ್ನಲಿಲ್ಲ. ಸುಮ್ಮನಿದ್ದದ್ದೇ ಒಪ್ಪಿಗೆ ಎಂದಾಯಿತು. ಕೆಳಗಿಳಿದು ಮಲಗಿದೆವು.

ಮರುದಿನ ಊಟದ ಸಾಲಿನಲ್ಲಿ ಅವನು ಕೂತ ಕೂಡಲೇ ಆಚೀಚೆಯವರು ತಾಟು ಎತ್ತಿಕೊಂಡು ಸರಿದರು. ನೀರಿನ ಕೊಡದಿಂದ ಅವನು ನೀರು ತುಂಬಿಕೊಂಡರೆ ಉಳಿದವರು ಮುಖ ತಿರುಗಿಸಿದರು. ಒಬ್ಬ ಅವನ ತಾಟನ್ನು ಕಾಲಿನಿಂದ ಬಾಗಿಲ ಕಡೆಗೆ ಸರಿಸಿದ. ಇದನ್ನು ಮಾಡಿದವರು ಗೌಡರ ಮಕ್ಕಳಲ್ಲ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಹಚ್ಚಿಕೊಂಡು ಅದರ ಕೆಳಗೇ ಉಣ್ಣುತ್ತಿದ್ದ ನಾವು. ಮೂರು ವಾರ ಅವನು ಹಾಗೆ ಒಬ್ಬನೇ ಉಂಡ. ಆಮೇಲೆ ಒಂದು ಬೆಳಿಗ್ಗೆ ಟ್ರಂಕು ಹೊತ್ತುಕೊಂಡು ಹೋದ. ಪರೀಕ್ಷೆಗೆ ಬರಲಿಲ್ಲ. ಪುಣೆ ಕಡೆ ಕಟ್ಟಡದ ಕೆಲಸಕ್ಕೆ ಹೋದನೆಂದು ನಂತರ ಕೇಳಿದೆವು.

ತಪಾಸಣೆಯ ಸುದ್ದಿ ಮೇಲಿನ ಆಫೀಸಿನಿಂದಲೇ ಮೊದಲು ಬಂದಿತ್ತು ಎಂದು ಮುಂದಿನ ವರ್ಷ ಗೊತ್ತಾಯಿತು. ಆ ಹುಡುಗ ಅಡುಗೆಮನೆಯಲ್ಲಿ ಕೂಡುತ್ತಿದ್ದದ್ದು ಅಡುಗೆಯವಳ ಮಗಳಿಗೆ ಲೆಕ್ಕ ಹೇಳಿಕೊಡಲಿಕ್ಕೆ.

ಎಷ್ಟೋ ವರ್ಷಗಳ ನಂತರ ಒಂದು ಮದುವೆಯಲ್ಲಿ ಆರು ಮಂದಿ ಹಳೆಯ ಗೆಳೆಯರು ಕೂಡಿದೆವು. ಹೇಗೋ ಮಾತು ಅಲ್ಲಿಗೆ ಬಂತು. ಒಬ್ಬ ಅಂದ, "ನನಗ ಖರೇನ ಮನಸ್ಸಿರಲಿಲ್ಲ, ನೀವೆಲ್ಲಾ ತಯಾರಾಗಿದ್ರಿ ಅಂತ ಸುಮ್ಮ ಕುಂತೆ." ಇನ್ನೊಬ್ಬ, "ನಾನೂ ಹಂಗ." ಆರು ಮಂದಿಯೂ ಅದೇ ಮಾತು. ಅಂದು ಎದ್ದು ನಿಂತು ಹೇಳಿದ ಹಿರಿಯನೂ ಆ ಆರರಲ್ಲಿ ಇದ್ದ. ಅವನು ಹೇಳಿದ್ದು ಇನ್ನೂ ನಮ್ಮ ಕಿವಿಯಲ್ಲಿದೆ: "ಸಿಟ್ಟಿನಾಗ ಅಂದುಬಿಟ್ಟೆ. ಯಾರಾದ್ರೂ ಬ್ಯಾಡ ಅಂತಾರ ಅಂತ ಕಾದೆ. ಯಾರೂ ಅನ್ನಲಿಲ್ಲ. ಆಮ್ಯಾಲ ಮಾತು ಹಿಂದ ತಗೊಳ್ಳಾಕ ನಾಚಿಕಿ ಬಂತು."

ಹಾಗಾದರೆ ಬಹಿಷ್ಕಾರ ಬೇಕು ಎಂದವರು ಯಾರು, ಗೆಳೆಯರೇ? ಲೆಕ್ಕ ಹಾಕಿ ನೋಡಿ. ಆ ಆರು ಮಂದಿಯಲ್ಲಿ ಒಬ್ಬರಿಗೂ ಬೇಡವಾಗಿದ್ದದ್ದನ್ನು ಆರೂ ಮಂದಿ ಸೇರಿ ಮಾಡಿದ್ದೆವು. ನಮ್ಮನ್ನು ಹಿಡಿದಿಟ್ಟದ್ದು ಬೇರೆಯವರ ಮನಸ್ಸಿನೊಳಗೆ ಇದೆ ಎಂದು ನಾವು ತಿಳಿದಿದ್ದ ಸಿಟ್ಟು.

ಇದನ್ನು ಒಬ್ಬರು ಕೋಣೆಯೊಳಗೆ ಕೂಡಿಸಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. 1951ರ ಸುಮಾರಿಗೆ ಅಮೆರಿಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಕಾಲೇಜು ಹುಡುಗರ ಮುಂದೆ ಎರಡು ಕಾರ್ಡು ಹಿಡಿದ. ಒಂದರಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಉದ್ದ ಗಿಡ್ಡ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲನೆಯದಕ್ಕೆ ಸಮ? ಸಣ್ಣ ಹುಡುಗನೂ ಹೇಳಬಹುದಾದ ಲೆಕ್ಕ. ಆದರೆ ಕೂತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟು ಕೂಡಿಸಿದವರು. ಅವರು ಒಬ್ಬರಾದ ಮೇಲೆ ಒಬ್ಬರು ಬೇಕೆಂದೇ ತಪ್ಪು ಹೇಳುತ್ತ ಬಂದರು. ಪಾಪದ ಆ ಒಬ್ಬನ ಸರದಿ ಬಂದಾಗ ಅವನೂ ಮೂರು ಸಲದಲ್ಲಿ ಒಂದು ಸಲ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ತಪ್ಪನ್ನೇ ಹೇಳಿದ. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಹಾಗೆ ಹೇಳಿದರು. ಆಮೇಲೆ ಕೇಳಿದಾಗ ಕೆಲವರು ನನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡೆ ಎಂದರು, ಕೆಲವರು ನಾನೊಬ್ಬನೇ ಯಾಕೆ ಬೇರೆ ಕಾಣಲಿ ಎಂದರು. ಗೆರೆಯ ವಿಷಯಕ್ಕೇ ಹೀಗಾದರೆ, ಜಾತಿಯ ಸಿಟ್ಟು, ಕತ್ತಲೆಯ ಮಾಳಿಗೆ, ಹಸಿದ ಹೊಟ್ಟೆ ಇದ್ದಲ್ಲಿ ಏನಾಗಬೇಕು?

ಆದರೆ ಆಶ್ ಇನ್ನೊಂದು ಪರೀಕ್ಷೆ ಮಾಡಿದ. ಹೇಳಿಕೊಟ್ಟು ಕೂಡಿಸಿದವರಲ್ಲಿ ಒಬ್ಬನಿಗೆ ಮಾತ್ರ ನೀನು ಸರಿ ಉತ್ತರ ಹೇಳು ಎಂದ. ಅಷ್ಟೇ. ಆ ಒಬ್ಬ ಸರಿ ಹೇಳಿದ ಕೂಡಲೇ ಪರೀಕ್ಷೆಗೆ ಕೂತವನ ತಪ್ಪು ಹಿಂದಿನದರ ಸಣ್ಣ ಪಾಲಿಗೆ ಇಳಿಯಿತು. ಗುಂಪಿನಲ್ಲಿ ಎಲ್ಲರೂ ಬದಲಾಗಬೇಕಾಗಿರಲಿಲ್ಲ. ಒಂದು ಬೇರೆ ದನಿ ಸಾಕಾಗಿತ್ತು. ಅಂದು ನಮ್ಮ ಮಾಳಿಗೆ ಮೇಲೆ "ಅವನ್ನ ಕರದು ಕೇಳೂಣು" ಎಂದು ಒಬ್ಬ ಅಂದಿದ್ದರೆ, ಹಿರಿಯನೇ ಮೊದಲು ಅದಕ್ಕೆ ಹೂಂ ಅನ್ನುತ್ತಿದ್ದ.

ಈಗ ಊರಿನ ಮಾತಿಗೆ ಬರೋಣ. ಊರಿನಲ್ಲಿ ಯಾರೂ 'ನಾನು' ಅನ್ನುವುದಿಲ್ಲ ಎಂಬುದನ್ನು ಗಮನಿಸಿದ್ದೀರಾ? ಚಹಾದಂಗಡಿಯವನನ್ನು ಕೇಳಿರಿ, "ನಂದೇನಿಲ್ಲಪಾ ತಮ್ಮಾ, ಊರವರು ಒಪ್ಪಂಗಿಲ್ಲ" ಅಂತಾನೆ. ಕ್ಷೌರದವನು, "ನಾ ಮಾಡೇನು, ಮಂದಿ ಏನಂತಾರ" ಅಂತಾನೆ. ಹಿಟ್ಟಿನ ಗಿರಣಿಯವನೂ ಅದೇ ರಾಗ. ಎಲ್ಲರನ್ನೂ ಕೇಳುತ್ತ ಹೋದರೆ 'ಊರು' ಎಂಬುದು ಯಾರ ಮನೆಯಲ್ಲಿದೆ ಎಂಬುದೇ ಸಿಗುವುದಿಲ್ಲ. ಸಿಗದೇ ಇರುವುದರಿಂದಲೇ ಅದಕ್ಕೆ ಅಷ್ಟು ಬಲ.

2024ರ ಸೆಪ್ಟೆಂಬರಿನಲ್ಲಿ ನಮ್ಮ ಮಗ್ಗುಲಿನ ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿನ ಬಪ್ಪರಗಿಯಲ್ಲಿ ಏನಾಯಿತೆಂದು ಪತ್ರಿಕೆಗಳಲ್ಲಿ ಓದಿದ್ದೀರಿ. ದಲಿತ ಕುಟುಂಬವೊಂದು ರಾಜಿಗೆ ಒಪ್ಪದೆ ಪೊಲೀಸ್ ದೂರು ಕೊಟ್ಟದ್ದಕ್ಕೆ ಇಡೀ ದಲಿತ ಓಣಿಗೇ ಬಹಿಷ್ಕಾರ. ಅಂಗಡಿಯಲ್ಲಿ ಸಾಮಾನು ಕೊಡಬಾರದು ಎಂದಾಯಿತು. ಮಕ್ಕಳಿಗೆ ಪೆನ್ನು, ನೋಟ್‌ಬುಕ್ಕು ಕೂಡ ಸಿಗದಾಯಿತು. ಪೆನ್ನು ಮಾರಿದರೆ ಅಂಗಡಿಯವನಿಗೆ ಎರಡು ರೂಪಾಯಿ ಲಾಭ. ಅವನು ಲಾಭ ಬಿಟ್ಟ, ಗುಂಪು ಬಿಡಲಿಲ್ಲ.

ಇದು ಇಂದಿನದಲ್ಲ. ನಮ್ಮ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದಾಗ, ದಲಿತರ ಮತ್ತು ಆದಿವಾಸಿಗಳ ಸ್ಥಿತಿ ನೋಡಲು ಸರ್ಕಾರ ಸ್ಟಾರ್ಟ್ ಸಮಿತಿ ಮಾಡಿತ್ತು. ಅಂಬೇಡ್ಕರ್ ಅದರ ಸದಸ್ಯರು. ಬಹಿಷ್ಕಾರ ಹೇಗೆ ಆಯುಧದಂತೆ ಕೆಲಸ ಮಾಡುತ್ತದೆ, ಎಷ್ಟು ಸಣ್ಣ ಕಾರಣಕ್ಕೆ ಬೀಳುತ್ತದೆ ಎಂದು 1930ರ ಆ ವರದಿ ಹೇಳಿತು. ದುಂಡುಮೇಜಿನ ಪರಿಷತ್ತಿಗೆ ಹೋದಾಗಲೂ ಬಾಬಾಸಾಹೇಬರು ಬಹಿಷ್ಕಾರವನ್ನು ಅಪರಾಧವೆಂದು ಮಾಡಬೇಕೆಂದು ಕೇಳಿದರು. ಹೊಡೆತಕ್ಕಿಂತ ಬಹಿಷ್ಕಾರಕ್ಕೆ ಅವರು ಯಾಕೆ ಅಷ್ಟು ಅಂಜಿದರು? ಹೊಡೆತಕ್ಕೆ ಹೊಡೆದವನ ಕೈ ಇರುತ್ತದೆ. ಬಹಿಷ್ಕಾರಕ್ಕೆ ಕೈಯೇ ಇಲ್ಲ, ಎಲ್ಲರೂ ಬರೀ ಸುಮ್ಮನಿರುತ್ತಾರೆ. ಇಂದು ಕಾನೂನಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದೂ, ಹಾಕುತ್ತೇವೆಂದು ಬೆದರಿಸುವುದೂ ಅಪರಾಧವೆಂದು ಸೇರಿಸಿದ್ದಾರೆ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಊರಿಗೆ ಹೋದಾಗ ಬೇಕಾಗುತ್ತದೆ.

ಒಂದು ಮಾತು ಸ್ಪಷ್ಟ ಮಾಡಬೇಕು. ನಮ್ಮ ಹಾಸ್ಟೆಲಿನ ಬಹಿಷ್ಕಾರವೂ ಊರಿನ ಬಹಿಷ್ಕಾರವೂ ಒಂದೇ ಎಂದು ನಾವು ಹೇಳುತ್ತಿಲ್ಲ. ನಮಗೆ ಆ ಹುಡುಗನಿಂದ ಕಸಿದುಕೊಳ್ಳಲು ಏನೂ ಇರಲಿಲ್ಲ. ಊರಿಗೆ ಇದೆ: ಹೊಲ, ಬಾವಿ, ಕಡಿಮೆ ಕೂಲಿಯ ಆಳು, ಮತ್ತು ಕೆಳಗೆ ಒಬ್ಬ ಇದ್ದಾನೆಂಬ ಸುಖ. ಊರಿನ ಗುಂಪಿನ ಹಿಂದೆ ಲಾಭದ ಲೆಕ್ಕ ಬರೆಯುವವರು ನಾಲ್ಕು ಮನೆಯವರು ಇರುತ್ತಾರೆ. ಉಳಿದ ನೂರು ಮನೆಯವರು 'ಮಂದಿ ಏನಂತಾರ' ಎಂಬ ಭಯದಿಂದ ಆ ಲೆಕ್ಕಕ್ಕೆ ಕೂಲಿಯಿಲ್ಲದೆ ದುಡಿಯುತ್ತಾರೆ.

ಸುಮ್ಮನಿರುವ ಗುಂಪು ಇದು. ಓಡಿ ಬರುವ ಗುಂಪು ಇನ್ನೊಂದು. ನಮ್ಮ ಸಿಂದಗಿಯಲ್ಲೇ 2012ರ ಜನವರಿ 1ರಂದು ತಹಶೀಲ್ದಾರ್ ಕಚೇರಿಯ ಮೇಲೆ ಪಾಕಿಸ್ತಾನದ ಬಾವುಟ ಕಂಡಿತು. ಪ್ರತಿಭಟನೆ, ಬಂದ್, ಕಲ್ಲು. ಯಾರು ಹಾರಿಸಿದರು ಎಂಬುದು ಗೊತ್ತಾಗುವ ಮೊದಲೇ ಯಾರ ಮೇಲೆ ಸಿಟ್ಟಾಗಬೇಕೆಂಬುದು ಗುಂಪಿಗೆ ಗೊತ್ತಿತ್ತು. ಕೆಲವು ದಿನಗಳಲ್ಲಿ ಪೊಲೀಸರು ಬಂಧಿಸಿದ್ದು ಹಿಂದೂ ಸಂಘಟನೆಯವರು ಎನ್ನಲಾದ ಯುವಕರನ್ನು, ಗಲಭೆ ಎಬ್ಬಿಸಲಿಕ್ಕೇ ಹಾರಿಸಿದರು ಎಂಬ ಆರೋಪದ ಮೇಲೆ. ಆ ಆರೋಪ ಹಾಗಿರಲಿ. ನಾವು ಕೇಳುವುದು ಕಲ್ಲು ಎತ್ತಿಕೊಂಡವನ ಬಗ್ಗೆ. ಅವನಿಗೆ ಬಾವುಟ ಕಂಡಿರಲಿಲ್ಲ, ಕೂಗು ಕೇಳಿತ್ತು ಅಷ್ಟೇ.

ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಕಲ್ಲಿಗಿಂತ ದೊಡ್ಡದು ನಡೆಯಿತು. ಆ ಊರಿನಲ್ಲಿ ಹೋಟೆಲು, ಕ್ಷೌರದಂಗಡಿಗಳಲ್ಲಿ ದಲಿತರಿಗೆ ಪ್ರವೇಶವಿಲ್ಲ ಎಂಬುದರ ಮೇಲೆ ಮೊದಲೇ ಜಗಳ ಕುದಿಯುತ್ತಿತ್ತು. 2014ರ ಆಗಸ್ಟ್ 28ರಂದು ಗಂಗಾವತಿಯ ಸಿನಿಮಾ ಟಾಕೀಜಿನಲ್ಲಿ ಟಿಕೀಟಿನ ವಿಷಯಕ್ಕೆ ಹೊಡೆದಾಟವಾಯಿತು. ಆ ಸುದ್ದಿ ಊರಿಗೆ ಬರುವಷ್ಟರಲ್ಲಿ ದಲಿತರು ಹೊಡೆದರು ಎಂದಾಗಿತ್ತು. ಗುಂಪು ದಲಿತರ ಓಣಿಗೆ ನುಗ್ಗಿತು, ಜನರನ್ನು ಹೊಡೆಯಿತು, ಗುಡಿಸಲಿಗೆ ಬೆಂಕಿ ಹಚ್ಚಿತು. ಟಿಕೀಟಿನ ಜಗಳಕ್ಕೂ ಸುಟ್ಟ ಗುಡಿಸಲಿನೊಳಗಿನ ಮುದುಕಿಗೂ ಏನು ಸಂಬಂಧ? ಗುಂಪಿಗೆ ಮನುಷ್ಯರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಒಬ್ಬ ಮಾಡಿದ್ದು ಎಲ್ಲರೂ ಮಾಡಿದ್ದು ಎಂದು ಕಾಣುತ್ತದೆ. ತಾನು ಮಾಡಿದ್ದು ಮಾತ್ರ ಯಾರೂ ಮಾಡಿದ್ದಲ್ಲ ಎಂದು ಕಾಣುತ್ತದೆ.

ಹತ್ತು ವರ್ಷ ಕೇಸು ನಡೆಯಿತು. 117 ಆರೋಪಿಗಳಲ್ಲಿ ಕೆಲವರು ತೀರಿಹೋದರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 101 ಮಂದಿ ತಪ್ಪಿತಸ್ಥರು ಎಂದಿತು. 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು ಎಂಬುದನ್ನೂ ಹೇಳಬೇಕು. ಆದರೂ ಒಂದು ದಿನ ಒಂದು ಕೋರ್ಟಿನಲ್ಲಿ 'ಊರು' ಎಂಬುದು ಬಿಚ್ಚಿಕೊಂಡು 101 ಹೆಸರಾಯಿತು. ಕಂಬಾಲಪಲ್ಲಿಯಲ್ಲಿ ಅದೂ ಆಗಲಿಲ್ಲ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸುಟ್ಟ ದಿನ ಗುಂಪು ಕೂಗಿತ್ತು, ಆಮೇಲೆ ಗುಂಪು ಬಾಯಿ ಮುಚ್ಚಿಸಿತು.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಯಾರಿಗಾದರೂ ಅನಿಸಬಹುದು: ಹಾಗಾದರೆ ಗುಂಪೇ ಬೇಡ, ನಾವು ನಾವು ಓದಿಕೊಂಡು ನೌಕರಿ ಹಿಡಿದು ಹೋಗೋಣ ಅಂತ. ಅದಕ್ಕೆ ಮಹಾಡದ ಮಾತು ಹೇಳಬೇಕು. ಚವದಾರ್ ಕೆರೆಯ ನೀರು ಮುಟ್ಟಿದ ಕತೆ ನಿಮಗೆ ಬಾಯಿಪಾಠ. 1927ರ ಮಾರ್ಚ್ 20. ನೀರು ಕುಡಿದು ಜನ ಮಂಟಪಕ್ಕೆ ಮರಳಿ ಉಣ್ಣುತ್ತಿದ್ದಾಗ, ಅವರು ಇನ್ನು ವೀರೇಶ್ವರ ಗುಡಿಗೂ ನುಗ್ಗುತ್ತಾರೆ ಎಂಬ ಸುಳ್ಳು ಸುದ್ದಿ ಊರಲ್ಲಿ ಹಬ್ಬಿತು. ಗುಂಪು ಬಡಿಗೆ ಹಿಡಿದು ಬಂತು, ಅನ್ನ ಮಣ್ಣುಪಾಲಾಯಿತು, ತಲೆ ಒಡೆದವು. ನಮ್ಮವರೇನು ಕಡಿಮೆ ಇರಲಿಲ್ಲ. ಸೈನ್ಯದಲ್ಲಿ ದುಡಿದು ಬಂದವರಿದ್ದರು. ಒಂದು ಮಾತು ಸಿಕ್ಕಿದ್ದರೆ ಮಹಾಡ ಅಂದು ಬೇರೆಯೇ ಆಗುತ್ತಿತ್ತು. ಬಾಬಾಸಾಹೇಬರು ಆ ಮಾತು ಕೊಡಲಿಲ್ಲ, ಜನ ಕೈ ತಡೆದರು. ಹೊಡೆದವರಲ್ಲಿ ಕೆಲವರಿಗೆ ಅದೇ ವರ್ಷ ಕೋರ್ಟಿನಲ್ಲಿ ಶಿಕ್ಷೆಯಾಯಿತು.

ಮಾರ್ಚಿನ ಕತೆ ಎಲ್ಲರೂ ಹೇಳುತ್ತಾರೆ. ಡಿಸೆಂಬರಿನದನ್ನು ಕಡಿಮೆ ಹೇಳುತ್ತಾರೆ, ನಮಗೆ ಅದೇ ದೊಡ್ಡದು. ಮತ್ತೆ ಸತ್ಯಾಗ್ರಹ ಮಾಡಲು ಸಾವಿರಾರು ಜನ ಮಹಾಡಕ್ಕೆ ಬಂದರು. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟರು. ಆದರೆ ಕೆರೆಗೆ ಹೋಗಬಾರದೆಂದು ಸವರ್ಣರು ಕೋರ್ಟಿನಿಂದ ತಡೆ ತಂದಿದ್ದರು. ಈಗೇನು ಮಾಡಬೇಕು? ಒಬ್ಬ ನಾಯಕ ಹೇಳಿ ಮುಗಿಸಲಿಲ್ಲ. ಸಭೆ ನಡೆಯಿತು. ಹೋಗಬೇಕೆಂದವರು ಮಾತಾಡಿದರು, ಬೇಡವೆಂದವರೂ ಮಾತಾಡಿದರು. ಜಿಲ್ಲೆಯ ಕಲೆಕ್ಟರನಿಗೂ ಮಾತಾಡಲು ಬಿಟ್ಟರು. ಜೈಲಿಗೂ ತಯಾರು ಎಂದವರು ತಮ್ಮ ತಮ್ಮ ಹೆಸರು ಬರೆಸಿದರು, ಸುಮಾರು ನಾಲ್ಕು ಸಾವಿರ ಹೆಸರು. ಅಷ್ಟು ಹೆಸರು ಕೈಯಲ್ಲಿದ್ದಾಗ, ಆ ಬಿಸಿಯಲ್ಲೇ, ಕೋರ್ಟಿನ ತೀರ್ಪು ಬರುವವರೆಗೆ ಮುಂದೂಡೋಣ ಎಂದು ಅಂಬೇಡ್ಕರ್ ಹೇಳಿದರು. ಸಭೆ ಒಪ್ಪಿತು. ಕೆರೆಯ ಸುತ್ತ ಮೆರವಣಿಗೆ ಮಾಡಿ, ನೀರು ಮುಟ್ಟದೆ, ಮರಳಿದರು. ಕೇಸು ಹತ್ತು ವರ್ಷ ನಡೆದು 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ನಮ್ಮವರೇ ಗೆದ್ದರು.

ಮುಂದೂಡಿದ್ದು ಸರಿಯೋ ತಪ್ಪೋ ಎಂದು ಈಗಲೂ ವಾದ ಮಾಡುವವರಿದ್ದಾರೆ, ಮಾಡಲಿ. ನಮಗೆ ಕಾಣುವುದು ಬೇರೆ. ಮಾರ್ಚಿನಲ್ಲಿ ಬಡಿಗೆ ಹಿಡಿದು ಬಂದ ಗುಂಪಿಗೆ ಒಂದು ಹೆಸರೂ ಇರಲಿಲ್ಲ, ಹಿಂದಕ್ಕೆ ತಿರುಗುವ ದಾರಿಯೂ ಇರಲಿಲ್ಲ. ಡಿಸೆಂಬರಿನಲ್ಲಿ ಕೂಡಿದವರಿಗೆ ನಾಲ್ಕು ಸಾವಿರ ಹೆಸರಿತ್ತು, ಮನಸ್ಸು ಬದಲಿಸುವ ಬಲವೂ ಇತ್ತು.

ಹಾಸ್ಟೆಲಿಗೂ ಈ ಚಳವಳಿಗೂ ಹಳೆಯ ನಂಟು. ಹೊಳೆಯ ಆಚೆಯ ಸೊಲ್ಲಾಪುರದಲ್ಲಿ 1925ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಹಾಸ್ಟೆಲ್ ತೆರೆಯಿತು. ನಮ್ಮ ಕರ್ನಾಟಕದಲ್ಲಿ 1973ರ ನವೆಂಬರಿನಲ್ಲಿ, ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ಬೀದಿಗಿಳಿದ ಗುಂಪುಗಳು ದಲಿತ ಹುಡುಗರನ್ನು ಹೊಡೆದವು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ಏಟು ತಿಂದವರೇ ಕೂಡಿ ಓದಿ, ವಾದಿಸಿ, ದಲಿತ ಸಂಘರ್ಷ ಸಮಿತಿ ಕಟ್ಟಿದರು. ಮುಂದೆ ಅದೂ ಬಣ ಬಣವಾಯಿತು. 2022ರ ಡಿಸೆಂಬರ್ 6ರಂದು ಬೆಂಗಳೂರಿನಲ್ಲಿ ಬಣಗಳು ಒಂದೇ ವೇದಿಕೆ ಮೇಲೆ ಕೂಡಿದಾಗ ನಮ್ಮಂಥವರಿಗೆ ಕಣ್ಣು ತುಂಬಿ ಬಂತು. ಬಣವಾದದ್ದು ತತ್ವದ ಜಗಳದಿಂದ ಎಂದು ಎಲ್ಲರೂ ಹೇಳುತ್ತಾರೆ. ತತ್ವವೂ ಇತ್ತು. ಆದರೆ ಸಭೆಯಲ್ಲಿ 'ಬ್ಯಾಡ' ಅಂದವನನ್ನು ಮರುದಿನ 'ಅವರ ಕಡಿಯಂವ' ಅಂದದ್ದೂ ಇತ್ತು.

ಈಗ ನಿಮ್ಮ ವಿಷಯ. ಬಂದ ಮೇಲೆ ನಮಗೆ ತಿಳಿಯಿತು, ಈ ವರ್ಷ ನಿಮ್ಮಲ್ಲಿ ಎರಡು ಪಟ್ಟಿ ತಿರುಗುತ್ತಿವೆ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಒಂದು ಕೇರಿಯವರ ಪಟ್ಟಿ, ಏಪ್ರಿಲ್ 5ರ ಬಾಬು ಜಗಜೀವನರಾಂ ಜಯಂತಿಗೆ ಇನ್ನೊಂದು ಕೇರಿಯವರ ಪಟ್ಟಿ. ಅವರ ಜಯಂತಿಗೆ ಇವರು ಹೋಗಬಾರದು, ಇವರದಕ್ಕೆ ಅವರು ರೊಕ್ಕ ಕೊಡಬಾರದು. ಊಟದ ಸಾಲೂ ಎರಡಾಗಿದೆ ಎಂದು ಕೇಳಿದೆವು. ಮೊಬೈಲಿನ ಗುಂಪೂ ಎರಡು. ಇದು ಒಳಮೀಸಲಾತಿಯ ಗಾಳಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣ ಮಾಡಬಹುದು ಎಂದಿತು. ನಾಗಮೋಹನದಾಸ್ ಆಯೋಗದ ವರದಿಯ ನಂತರ, 2025ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ನೂರಕ್ಕೆ 17ನ್ನು 6, 6, 5 ಎಂದು ಹಂಚುವ ತೀರ್ಮಾನ ಮಾಡಿತು. ನಮ್ಮ ಅಭಿಪ್ರಾಯ ಬಚ್ಚಿಡುವುದಿಲ್ಲ: ಪಾಲು ಕೇಳುವುದು ಒಡಕಲ್ಲ. ಒಂದೇ ಮನೆಯಲ್ಲಿ ಹಿರಿಯ ಮಗ ಉಂಡು ಕಿರಿಯ ಮಗ ಹಸಿದಿದ್ದರೆ, ಕಿರಿಯ ತಾಟು ಬಾರಿಸಿದ್ದಕ್ಕೆ ಮನೆ ಮುರಿಯಿತು ಎನ್ನಬಾರದು. ಆದರೆ ಪಾಲಿನ ಲೆಕ್ಕ ವಿಧಾನಸೌಧದಲ್ಲಿ ಆಗಬೇಕಾದದ್ದು. ಅದು ಸಾರಿನ ಬಕೀಟಿನ ಹತ್ತಿರ ಯಾಕೆ ಬಂತು?

1954ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಮುಜಾಫರ್ ಷೆರೀಫ್ ಎಂಬುವರು ಹನ್ನೊಂದು ಹನ್ನೆರಡು ವಯಸ್ಸಿನ 22 ಹುಡುಗರನ್ನು ಬೇಸಿಗೆ ಶಿಬಿರಕ್ಕೆ ಕರೆದೊಯ್ದು ಎರಡು ಗುಂಪು ಮಾಡಿದರು. ಒಂದು ಗುಂಪು ಹದ್ದಿನ ಹೆಸರಿಟ್ಟುಕೊಂಡಿತು, ಇನ್ನೊಂದು ಹಾವಿನದು. ಆಟದ ಪಂದ್ಯ ಇಟ್ಟದ್ದೇ ತಡ, ಬಾವುಟ ಸುಟ್ಟರು, ಕೋಣೆಗೆ ನುಗ್ಗಿದರು, ಕೂಡಿ ಉಣ್ಣಲು ಒಲ್ಲೆ ಎಂದರು. ಎಲ್ಲ ಒಂದೇ ಬಣ್ಣದ, ಒಂದೇ ತರದ ಮನೆಯ ಹುಡುಗರು, ಹಳೆಯ ದ್ವೇಷ ಒಂದಿಷ್ಟೂ ಇಲ್ಲ. ಜಗಳಕ್ಕೆ ಎರಡು ಹೆಸರು, ಒಂದು ಬಹುಮಾನ ಸಾಕಾಯಿತು. ಕೂಡಿಸಿ ಊಟಕ್ಕೆ ಕೂಡಿಸಿದರೆ ಅನ್ನ ತೂರಾಡಿದರು. ಆಮೇಲೆ ಶಿಬಿರಕ್ಕೆ ಬರುವ ನೀರು ನಿಂತಿತು. ಶೆರೀಫರೇ ನಿಲ್ಲಿಸಿದ್ದು, ಹುಡುಗರಿಗೆ ಗೊತ್ತಿಲ್ಲ. ಎರಡೂ ಗುಂಪು ಕೂಡಿ ಹುಡುಕಿದರು. ಊಟ ತರುವ ಲಾರಿ ಕೆಟ್ಟು ನಿಂತಾಗ, ಹಿಂದೆ ಒಬ್ಬರ ಮೇಲೊಬ್ಬರು ಹಗ್ಗ ಜಗ್ಗಾಟ ಆಡಿದ ಅದೇ ಹಗ್ಗ ಕಟ್ಟಿ ಎಲ್ಲರೂ ಒಂದೇ ಕಡೆ ಜಗ್ಗಿದರು. ಜಗಳ ಇಳಿಯುತ್ತ ಬಂತು.

ಊರಿಗೂ ಕೇರಿಗೂ ಈ ಹಗ್ಗದ ಮದ್ದು ಸಾಲದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದದ್ದನ್ನು ನೀವೇ ಕಂಡಿದ್ದೀರಿ. ನೀರು ಏರುವಾಗ ದನ ಬಿಚ್ಚಲಿಕ್ಕೆ ಯಾರ ಕೈಯಾದರೂ ನಡೆಯುತ್ತದೆ, ನೀರು ಇಳಿದ ಮೇಲೆ ಕೇರಿ ಮತ್ತೆ ಕೇರಿಯೇ. ಯಾಕಂದರೆ ಅಲ್ಲಿ ಹೊಲ ಒಬ್ಬರದು, ಕೂಲಿ ಇನ್ನೊಬ್ಬರದು. ಆದರೆ ನಿಮ್ಮ ಹಾಸ್ಟೆಲಿನ ಎರಡು ಸಾಲಿನಲ್ಲಿ ಹೊಲ ಯಾರದಿದೆ? ಎರಡೂ ಸಾಲಿನ ತಾಟಿನಲ್ಲಿ ಅದೇ ಹುಳದ ಹಿಟ್ಟಿನ ರೊಟ್ಟಿ. ಎರಡೂ ಸಾಲಿಗೂ ಅದೇ ತಡವಾಗಿ ಬರುವ ವಿದ್ಯಾರ್ಥಿವೇತನ. ನಿಮ್ಮ ಹಗ್ಗ ಇಲ್ಲೇ ಬಿದ್ದಿದೆ.

ಒಂದೇ ಜಯಂತಿ ಮಾಡಿರಿ ಎಂದು ನಾವು ಹೇಳಿ ಹೋಗುವುದಿಲ್ಲ. ಹೇಳಿದರೆ ಚಪ್ಪಾಳೆ ಹೊಡೆಯುತ್ತೀರಿ, ನಾವು ಬಸ್ಸು ಹತ್ತಿದ ಮೇಲೆ ಮತ್ತೆ ಎರಡು ಪಟ್ಟಿ. ಎರಡೂ ಜಯಂತಿ ಎಲ್ಲರೂ ಕೂಡಿ ಮಾಡಬಹುದು, ಬೇರೆ ಬೇರೆಯೇ ಮಾಡಿದರೂ ಊಟದ ಸಾಲು ಒಂದಿರಬಹುದು, ಅದು ನಿಮ್ಮ ತೀರ್ಮಾನ. ತೀರ್ಮಾನ ಹೇಗೆ ಮಾಡಬೇಕೆಂಬುದನ್ನು ಮಾತ್ರ ಕೇಳಿಕೊಳ್ಳುತ್ತೇವೆ. ರಾತ್ರಿ ಮಾಳಿಗೆ ಮೇಲೆ ಬೇಡ. ಇಲ್ಲೇ, ಹಗಲು, ಚಹಾ ಆದ ಮೇಲೆ. ಮೊದಲು ಮಾತಾಡುವವರು ಈ ವರ್ಷ ಬಂದ ಸಣ್ಣ ಹುಡುಗರು, ಹುಡುಗಿಯರು. ಕೊನೆಗೆ ಹಿರಿಯರು. ಹಿರಿಯ ಮೊದಲು ಮಾತಾಡಿದರೆ ಉಳಿದವರಿಗೆ ಮಾತು ಉಳಿಯುವುದಿಲ್ಲ. ಯಾರ ಮೇಲಾದರೂ ದೂರಿದ್ದರೆ ಅವನು ಎದುರಿಗೆ ಕೂತಿರಬೇಕು. 'ಎಲ್ಲಾರಿಗೂ ಒಪ್ಪಿಗಿ ಅದ ಇಲ್ಲೋ' ಎಂದು ಕೇಳಿ ಸುಮ್ಮನಿದ್ದದ್ದನ್ನು ಎಣಿಸಬಾರದು. ಚೀಟಿ ಹಾಕಿರಿ. ಚೀಟಿಯ ಮೇಲೆ ಹೆಸರು ಬೇಡ. ತೀರ್ಮಾನವಾದ ಮೇಲೆ ಕೆಲಸ ಹೊರುವವರು ಮಾತ್ರ, ಮಹಾಡದಲ್ಲಿ ಬರೆಸಿದಂತೆ, ಹೆಸರು ಬರೆಸಲಿ.

ನಮ್ಮ ಆ ಗೆಳೆಯನನ್ನು ಹುಡುಕಿದೆವು. ಹೋದ ವರ್ಷ ಸಿಕ್ಕ. ಕ್ಷಮೆ ಕೇಳಲು ಮೂವರೂ ಹೋಗಿದ್ದೆವು. ಅವನು ಚಹಾ ತರಿಸಿದ, ಮಕ್ಕಳ ಓದಿನ ಬಗ್ಗೆ ಮಾತಾಡಿದ, ಹಾಸ್ಟೆಲಿನ ಮಾತು ಎತ್ತಲು ಬಿಡಲಿಲ್ಲ. ಎದ್ದು ಬರುವಾಗ ಒಂದೇ ಒಂದು ಕೇಳಿದ: "ಅಂದ ರಾತ್ರಿ ಮಾಳಿಗಿ ಮ್ಯಾಲ ನನ್ನ ಹೆಸರು ಮೊದಲ ಹೇಳಿದಂವ ಯಾರು?" ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕತ್ತಲಿತ್ತು. ನಮಗೆ ಇನ್ನೂ ಗೊತ್ತಿಲ್ಲ.

ಚೀಟಿಗೆ ಕಾಗದ ಹರಿದು ಇಟ್ಟಿದ್ದೇವೆ, ಅಲ್ಲಿ ಟೇಬಲ್ ಮೇಲಿವೆ. ನಾವು ಹೊರಗೆ ಬೇವಿನ ಗಿಡದ ಕೆಳಗೆ ಕೂತಿರುತ್ತೇವೆ. ಮುಗಿದ ಮೇಲೆ ಕರೀರಿ.